ಬಾಲಚಿಕಿತ್ಸೆಯಿಂದ ವಯಸ್ಕಚಿಕಿತ್ಸೆಗೆ: ದೀರ್ಘಕಾಲಿಕ ಕಾಯಿಲೆಯ ತರುಣರು ಮತ್ತು ಸಂಕ್ರಮಣದ ಪ್ರಶ್ನೆ

1922ರ ಜನವರಿಯಲ್ಲಿ ಕೆನಡಾದ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿಹರೆಯದ ಬಾಲಕನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚುಮದ್ದನ್ನು ನೀಡಲಾಯಿತು. ಅಲ್ಲಿಯವರೆಗೆ ಮಧುಮೇಹ ತಗುಲಿದ ಮಗುವಿಗೆ ಉಪವಾಸಕ್ಕೆ ಸಮನಾದ ಪಥ್ಯವೊಂದೇ ಗತಿಯಾಗಿತ್ತು. ಅದರಿಂದ ಸಾವು ಕೆಲವು ತಿಂಗಳು ಮುಂದೆ ಹೋಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ. ಥಾಂಪ್ಸನ್ ಇನ್ಸುಲಿನ್ನಿನ ಬಲದಿಂದ 1935ರವರೆಗೆ ಬದುಕಿದನು. ವೈದ್ಯಕೀಯ ಇತಿಹಾಸದಲ್ಲಿ ಈ ಪ್ರಸಂಗಕ್ಕೆ ದೊಡ್ಡ ಸ್ಥಾನವಿದೆ. ಆದರೆ ಅದರ ಒಂದು ಪರಿಣಾಮ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಸಾಯಬೇಕಾಗಿದ್ದ ಮಗು ಬದುಕುಳಿದು ದೊಡ್ಡದಾದಾಗ, ವಾಸಿಯಾಗದ ಕಾಯಿಲೆಯನ್ನು ಹೊತ್ತ ತರುಣರ ಹೊಸದೊಂದು ಸಮುದಾಯವೇ ಹುಟ್ಟಿಕೊಂಡಿತು. ಈ ಸಮುದಾಯದ ಆರೈಕೆ ಯಾರ ಹೊಣೆ ಎಂಬ ಪ್ರಶ್ನೆಗೆ ಮಕ್ಕಳ ವೈದ್ಯಶಾಸ್ತ್ರದಲ್ಲಾಗಲಿ ವಯಸ್ಕರ ವೈದ್ಯಶಾಸ್ತ್ರದಲ್ಲಾಗಲಿ ಸಿದ್ಧ ಉತ್ತರವಿರಲಿಲ್ಲ.

ಥಲಸ್ಸೇಮಿಯಾ, ಹಿಮೋಫಿಲಿಯಾ, ಜನ್ಮಜಾತ ಹೃದ್ರೋಗ, ಮೂತ್ರಪಿಂಡದ ವೈಫಲ್ಯ ಮೊದಲಾದ ಕಾಯಿಲೆಗಳಲ್ಲಿಯೂ ಇದೇ ಬೆಳವಣಿಗೆ ಬೇರೆ ಬೇರೆ ದಶಕಗಳಲ್ಲಿ ನಡೆದಿದೆ. ಪ್ರಸ್ತುತ ಲೇಖನವು ಟೈಪ್ 1 ಮಧುಮೇಹವನ್ನು ಮುಖ್ಯ ನಿದರ್ಶನವಾಗಿ ಇರಿಸಿಕೊಂಡು, ಇಂತಹ ತರುಣರು ಮಕ್ಕಳ ಚಿಕಿತ್ಸಾಲಯವನ್ನು ಬಿಟ್ಟು ವಯಸ್ಕರ ಚಿಕಿತ್ಸಾಲಯವನ್ನು ಸೇರುವ ಘಟ್ಟದ ಸ್ವರೂಪವನ್ನೂ, ಆ ಘಟ್ಟದಲ್ಲಿ ಆಗುವ ನಷ್ಟದ ಕಾರಣಗಳನ್ನೂ, ಕರ್ನಾಟಕದ ಸಂದರ್ಭದಲ್ಲಿ ಸಾಧ್ಯವಿರುವ ಪರಿಹಾರಗಳನ್ನೂ ವಿವೇಚಿಸುತ್ತದೆ.

ವರ್ಗಾವಣೆ ಮತ್ತು ಸಂಕ್ರಮಣ

ಈ ವಿಷಯದ ಚರ್ಚೆಯಲ್ಲಿ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ರೋಗಿಯ ಹೆಸರನ್ನು ಒಂದು ವಿಭಾಗದ ದಾಖಲೆಯಿಂದ ತೆಗೆದು ಇನ್ನೊಂದು ವಿಭಾಗದ ದಾಖಲೆಗೆ ಸೇರಿಸುವುದು ವರ್ಗಾವಣೆ. ಅದೊಂದು ಆಡಳಿತದ ಕ್ರಿಯೆ. ಒಂದು ಚೀಟಿ, ಒಂದು ಸಹಿ, ಒಂದು ದಿನ ಅದಕ್ಕೆ ಸಾಕು. ಕಾಯಿಲೆಯ ತಿಳಿವಳಿಕೆ, ದಿನನಿತ್ಯದ ನಿರ್ವಹಣೆ ಮತ್ತು ನಿರ್ಧಾರದ ಹೊಣೆ ತಂದೆತಾಯಿಯರಿಂದ ಮಗನಿಗೋ ಮಗಳಿಗೋ ಹಂತಹಂತವಾಗಿ ದಾಟುವುದು ಸಂಕ್ರಮಣ. ಅದಕ್ಕೆ ವರ್ಷಗಳು ಬೇಕು. 1993ರಲ್ಲಿ ಅಮೆರಿಕದ ಹದಿಹರೆಯದವರ ವೈದ್ಯಕೀಯ ಸಂಘವು ಪ್ರಕಟಿಸಿದ ನಿಲುವು ಪತ್ರವು ಸಂಕ್ರಮಣವನ್ನು ಉದ್ದೇಶಪೂರ್ವಕವಾದ, ಮೊದಲೇ ಯೋಜಿಸಿದ ಚಲನೆ ಎಂದು ನಿರೂಪಿಸಿತು. ಈ ಕ್ಷೇತ್ರದ ಅನಂತರದ ಬರವಣಿಗೆಯ ಬಹುಭಾಗಕ್ಕೆ ಅದೇ ತಳಹದಿ. ಸಂಕ್ರಮಣ ನಡೆಯದೆ ವರ್ಗಾವಣೆ ಮಾತ್ರ ನಡೆದಲ್ಲಿ ಚೀಟಿ ತಲುಪುತ್ತದೆ, ರೋಗಿ ತಲುಪುವುದಿಲ್ಲ. ಸಮಸ್ಯೆಯ ತಿರುಳು ಇರುವುದು ಇಲ್ಲಿಯೇ.

ವಯಸ್ಸಿನ ಗಡಿಗಳು

ಬಾಲ್ಯ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ದೇಹಕ್ಕಿಂತ ಹೆಚ್ಚಾಗಿ ವ್ಯವಸ್ಥೆಗಳೇ ನಿರ್ಧರಿಸಿವೆ. ಆಯುರ್ವೇದದ ಎಂಟು ಅಂಗಗಳಲ್ಲಿ ಒಂದಾದ ಕೌಮಾರಭೃತ್ಯವು ಶಿಶು ಮತ್ತು ಬಾಲರ ಆರೈಕೆಗೆ ಮೀಸಲಾದುದು. ಸುಶ್ರುತ ಸಂಹಿತೆಯು ಬಾಲ್ಯದ ಮೇರೆಯನ್ನು ಹದಿನಾರು ವರ್ಷಕ್ಕೆ ಇರಿಸಿತ್ತು. ಮಗ ಹದಿನಾರನ್ನು ಮುಟ್ಟಿದ ಮೇಲೆ ಅವನನ್ನು ಗೆಳೆಯನಂತೆ ಕಾಣಬೇಕೆಂಬ ಹಳೆಯ ನೀತಿಯೂ ಅದೇ ವಯಸ್ಸನ್ನು ಸೂಚಿಸುತ್ತದೆ. 1875ರ ಭಾರತೀಯ ಪ್ರಾಪ್ತವಯಸ್ಕತೆಯ ಕಾಯಿದೆಯು ಹದಿನೆಂಟನ್ನು ಗಡಿಯಾಗಿಸಿತು. ಇತ್ತ ದಂಡಸಂಹಿತೆಯು ಹನ್ನೆರಡರೊಳಗಿನ ಮಗುವಿನ ಒಪ್ಪಿಗೆಯನ್ನು ಒಪ್ಪಿಗೆಯೆಂದು ಪರಿಗಣಿಸುವುದಿಲ್ಲ; 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಅಂಶ ಮುಂದುವರಿದಿದೆ. ಹೀಗೆ ಹನ್ನೆರಡರಿಂದ ಹದಿನೆಂಟರವರೆಗಿನ ಆರು ವರ್ಷಗಳು ಕಾನೂನಿನ ದೃಷ್ಟಿಯಲ್ಲಿಯೇ ಒಂದು ನಡುಬೆಳಕಿನ ಪ್ರದೇಶ. ಸಂಕ್ರಮಣ ನಡೆಯಬೇಕಾದ ಕಾಲವೂ ಅದೇ ಆಗಿದೆ.

ಆಸ್ಪತ್ರೆಗಳ ರೂಢಿಯಲ್ಲಿಯೂ ಏಕರೂಪತೆಯಿಲ್ಲ. ಮಕ್ಕಳ ವೈದ್ಯರ ಆರೈಕೆ ಹದಿನೆಂಟು ತುಂಬುವವರೆಗೂ ಇರಬೇಕೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯು 1999ರಲ್ಲಿ ನೀತಿಯಾಗಿ ಹೇಳಿದ್ದರೂ, ಹನ್ನೆರಡಕ್ಕೋ ಹದಿನಾಲ್ಕಕ್ಕೋ ಮಕ್ಕಳ ವಿಭಾಗದ ಬಾಗಿಲು ಮುಚ್ಚುವ ಆಸ್ಪತ್ರೆಗಳು ಇವೆ.

ಸಾರ್ವಜನಿಕ ಆರೋಗ್ಯ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಇನ್ನೊಂದು ಅಂಶ ಗೋಚರಿಸುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟಿನಿಂದ ಹದಿನೆಂಟು ವರ್ಷದವರೆಗಿನವರನ್ನು ಅಂಗನವಾಡಿ ಮತ್ತು ಸರಕಾರಿ ಶಾಲೆಗಳಲ್ಲಿ ತಪಾಸಣೆ ಮಾಡುತ್ತದೆ. 2014ರ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿ ಹತ್ತರಿಂದ ಹತ್ತೊಂಬತ್ತು. 2010ರಲ್ಲಿ ಪ್ರಾರಂಭವಾಗಿ 2023ರಲ್ಲಿ ಹೊಸ ಹೆಸರು ಪಡೆದ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದ ಅಡಿಯಲ್ಲಿ ಸಮುದಾಯ ಮಟ್ಟದ ಮಧುಮೇಹ ತಪಾಸಣೆ ಮೂವತ್ತು ವರ್ಷ ತುಂಬಿದವರಿಂದ ಮೊದಲಾಗುತ್ತದೆ. ಕರ್ನಾಟಕ ಸರಕಾರವು 2024ರಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯೂ ಮೂವತ್ತು ದಾಟಿದವರನ್ನೇ ಗುರಿಯಾಗಿರಿಸಿಕೊಂಡಿದೆ. ಅಂದರೆ ಹುಡುಕಿಕೊಂಡು ಬರುವ ವ್ಯವಸ್ಥೆ ಹತ್ತೊಂಬತ್ತರಲ್ಲಿ ನಿಂತು ಮೂವತ್ತರಲ್ಲಿ ಮತ್ತೆ ಆರಂಭವಾಗುತ್ತದೆ. ಈ ನಡುವಿನ ಹತ್ತು ಹನ್ನೊಂದು ವರ್ಷಗಳಲ್ಲಿ ಆಸ್ಪತ್ರೆಯ ಬಾಗಿಲು ಮುಚ್ಚಿರುವುದಿಲ್ಲ ನಿಜ. ಆದರೆ ಬಾರದೆ ಉಳಿದವರನ್ನು ವಿಚಾರಿಸುವುದು ಯಾರ ಕರ್ತವ್ಯವೂ ಆಗಿರುವುದಿಲ್ಲ.

ಹರೆಯದ ದೇಹ ಮತ್ತು ಟೈಪ್ 1 ಮಧುಮೇಹ

ಸಾಮಾನ್ಯವಾಗಿ ‘ಸಕ್ಕರೆ ಕಾಯಿಲೆ’ ಎಂದು ಕರೆಯಲಾಗುವುದರಲ್ಲಿ ಬಹುಪಾಲು ಟೈಪ್ 2 ಮಧುಮೇಹ. ಟೈಪ್ 1 ಅದಕ್ಕಿಂತ ಭಿನ್ನವಾದುದು. ಇದರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ಉತ್ಪಾದಕ ಕೋಶಗಳನ್ನು ನಾಶಪಡಿಸುತ್ತದೆ. ಆದುದರಿಂದ ಹೊರಗಿನಿಂದ ಇನ್ಸುಲಿನ್ ಪಡೆಯದೆ ರೋಗಿ ಬದುಕಲಾರ. ಬೆಂಗಳೂರಿನಲ್ಲಿ 1995ರಿಂದ ನಡೆದ ನೋಂದಣಿಯ ಅಧ್ಯಯನವು ವರ್ಷಕ್ಕೆ ಲಕ್ಷ ಮಕ್ಕಳಲ್ಲಿ ಸುಮಾರು ನಾಲ್ವರಿಗೆ ಈ ಕಾಯಿಲೆ ಹೊಸದಾಗಿ ಕಾಣಿಸಿಕೊಳ್ಳುವುದನ್ನು ದಾಖಲಿಸಿತು. ಸಂಖ್ಯೆ ಸಣ್ಣದೆಂದು ತೋರಿದರೂ, ಪ್ರತಿಯೊಂದು ಮಗುವೂ ಮುಂದೆ ದಶಕಗಳ ಕಾಲ ರೋಗಿಯಾಗಿರುವುದರಿಂದ ಒಟ್ಟು ಸಂಖ್ಯೆ ವರ್ಷದಿಂದ ವರ್ಷಕ್ಕೆ ಕೂಡುತ್ತಲೇ ಹೋಗುತ್ತದೆ.

ಮೈನೆರೆಯುವ ಕಾಲದಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದರಿಂದ ದೇಹವು ಇನ್ಸುಲಿನ್ನಿಗೆ ಸ್ಪಂದಿಸುವುದು ಕುಗ್ಗುತ್ತದೆ. ಅದೇ ಪ್ರಮಾಣದ ಇನ್ಸುಲಿನ್, ಅದೇ ಮುದ್ದೆ, ಅದೇ ಅನ್ನ. ಆದರೂ ರಕ್ತದ ಸಕ್ಕರೆ ಏರುತ್ತದೆ. ಮನೆಯವರು ಇದನ್ನು ಹುಡುಗನ ಅಶಿಸ್ತೆಂದು ಭಾವಿಸಿ ಗದರುವುದು, ಹುಡುಗ ಸಿಟ್ಟಿನಿಂದ ಪರೀಕ್ಷೆಯನ್ನೇ ಬಿಡುವುದು, ಬರೆದಿಡುವ ಪುಸ್ತಕದಲ್ಲಿ ಇಲ್ಲದ ಅಂಕಿಗಳನ್ನು ಬರೆಯುವುದು, ಇವು ಈ ವಯಸ್ಸಿನಲ್ಲಿ ಸಾಮಾನ್ಯವಾಗಿ ಕಂಡುಬರುವ ವರ್ತನೆಗಳು. ದೇಹದ ಬದಲಾವಣೆಯನ್ನು ನಡತೆಯ ದೋಷವೆಂದು ಓದುವ ಈ ತಪ್ಪು, ಮುಂದೆ ಚಿಕಿತ್ಸಾಲಯದಿಂದ ದೂರ ಸರಿಯುವುದಕ್ಕೆ ಪೀಠಿಕೆಯಾಗುತ್ತದೆ.

ಈ ವರ್ಷಗಳ ನಷ್ಟ ಆಗಲೇ ಕಣ್ಣಿಗೆ ಕಾಣುವಂತಹುದಲ್ಲ. ಅಮೆರಿಕ ಮತ್ತು ಕೆನಡಾಗಳಲ್ಲಿ 1983ರಿಂದ 1993ರವರೆಗೆ ಹದಿಮೂರರಿಂದ ಮೂವತ್ತೊಂಬತ್ತು ವಯಸ್ಸಿನ 1,441 ಮಂದಿಯ ಮೇಲೆ ನಡೆದ ಪ್ರಸಿದ್ಧ ಅಧ್ಯಯನವು, ಸಕ್ಕರೆಯ ಬಿಗಿಯಾದ ಹತೋಟಿಯಿಂದ ಕಣ್ಣು, ಮೂತ್ರಪಿಂಡ ಮತ್ತು ನರಗಳ ಹಾನಿ ಗಣನೀಯವಾಗಿ ತಗ್ಗುವುದನ್ನು ಸಿದ್ಧಪಡಿಸಿತು. ಅದೇ ಜನರನ್ನು ಮುಂದೆ ದಶಕಗಳವರೆಗೆ ಅನುಸರಿಸಿದಾಗ, ಮೊದಲ ವರ್ಷಗಳ ಹತೋಟಿಯ ಲಾಭವಾಗಲಿ ಹತೋಟಿಯಿಲ್ಲದ ಹಾನಿಯಾಗಲಿ ಬಹುಕಾಲ ಉಳಿಯುವುದು ಕಂಡುಬಂದಿತು. ಹದಿನೆಂಟರಿಂದ ಇಪ್ಪತ್ತೈದರವರೆಗೆ ವೈದ್ಯರ ಸಂಪರ್ಕ ತಪ್ಪಿದ ತರುಣನಿಗೆ ಅದರ ಫಲ ಮೂವತ್ತೈದು ನಲವತ್ತರಲ್ಲಿ, ಸಂಸಾರ ಮತ್ತು ದುಡಿಮೆಯ ನಡುವೆ ಎದುರಾಗಬಹುದು.

ಎರಡು ಚಿಕಿತ್ಸಾಲಯಗಳ ನಡುವಣ ಅಂತರ

ಮಕ್ಕಳ ಚಿಕಿತ್ಸಾಲಯವು ಸ್ವಭಾವತಃ ಕುಟುಂಬ ಕೇಂದ್ರಿತವಾದುದು. ವೈದ್ಯರು ಪ್ರಶ್ನಿಸುವುದು ತಾಯಿಯನ್ನು, ಉತ್ತರಿಸುವವಳೂ ತಾಯಿಯೇ. ಯಾವ ಇನ್ಸುಲಿನ್, ಎಷ್ಟು ಯೂನಿಟ್, ಯಾವ ಹಬ್ಬದಲ್ಲಿ ಏನು ತಿಂದಾಗ ಏನಾಯಿತು, ಹಿಂದೆ ಎಂದು ಎಚ್ಚರ ತಪ್ಪಿತ್ತು ಎಂಬುದೆಲ್ಲ ಅವಳ ನೆನಪಿನಲ್ಲಿ ಮತ್ತು ಪ್ಲಾಸ್ಟಿಕ್ ಚೀಲದ ಕಾಗದಗಳಲ್ಲಿ ಇರುತ್ತದೆ. ವಯಸ್ಕರ ಚಿಕಿತ್ಸಾಲಯವು ರೋಗಿಯನ್ನು ಒಂಟಿ ವ್ಯಕ್ತಿಯೆಂದು ಭಾವಿಸುತ್ತದೆ. ಅವನೇ ಬರಬೇಕು, ಅವನೇ ಹೇಳಬೇಕು, ಅವನೇ ಕೇಳಬೇಕು. ಹತ್ತು ವರ್ಷ ತನ್ನ ಕಾಯಿಲೆಯ ಬಗ್ಗೆ ತಾನೇ ಮಾತನಾಡಿ ಅಭ್ಯಾಸವಿಲ್ಲದವನಿಗೆ ಇದು ಪರದೇಶದ ಭಾಷೆಯಂತೆ ತೋರುತ್ತದೆ.

ಇದಲ್ಲದೆ ವಯಸ್ಕರ ಮಧುಮೇಹ ಚಿಕಿತ್ಸಾಲಯದಲ್ಲಿ ಸರದಿಯಲ್ಲಿ ಕುಳಿತವರು ಬಹುಮಟ್ಟಿಗೆ ಐವತ್ತು ಅರವತ್ತರ ಟೈಪ್ 2 ರೋಗಿಗಳು. ಅಲ್ಲಿಯ ಸಲಹೆಗಳು, ಗೋಡೆಯ ಚಿತ್ರಗಳು, ಕೈಪಿಡಿಗಳು ತೂಕ ಇಳಿಸುವುದು, ನಡಿಗೆ, ಮಾತ್ರೆಗಳ ಸುತ್ತ ರೂಪುಗೊಂಡಿರುತ್ತವೆ. ಹತ್ತೊಂಬತ್ತರ ತರುಣನಿಗೆ ಅಲ್ಲಿ ತನ್ನವರೆಂಬವರು ಕಾಣುವುದಿಲ್ಲ. ಕಾಲು ಕಳೆದುಕೊಂಡ, ಕಣ್ಣು ಮಂಜಾದ ಹಿರಿಯರನ್ನು ಕಂಡು ಭಯವಾಗುವುದೂ ಉಂಟು. ಮಧುಮೇಹವೆಲ್ಲವೂ ಒಂದೇ ಎಂಬ ಲೋಕಾಭಿಪ್ರಾಯವು ಇನ್ನಷ್ಟು ಅಪಾಯಕಾರಿ. ಮಾತ್ರೆಯಿಂದಲೋ ಕಷಾಯದಿಂದಲೋ ಗುಣವಾಗುತ್ತದೆಂಬ ಮಾತನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ, ಟೈಪ್ 1ರಲ್ಲಿ ಕೆಲವೇ ದಿನಗಳಲ್ಲಿ ರಕ್ತವು ಆಮ್ಲೀಯವಾಗಿ ಪ್ರಾಣಕ್ಕೆ ಕುತ್ತಾಗುವ ಸ್ಥಿತಿ ಒದಗುತ್ತದೆ. ಜ್ವರ ವಾಂತಿಗಳಿಂದ ಊಟ ಸೇರದ ದಿನವೂ ದೀರ್ಘಾವಧಿಯ ಇನ್ಸುಲಿನ್ನನ್ನು ಪೂರ್ತಿಯಾಗಿ ಬಿಡಬಾರದೆಂಬ ಮೂಲ ಪಾಠವನ್ನು ತಾಯಿ ಬಲ್ಲಳು. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಇರುವ ಮಗ ಬಲ್ಲನೆ ಎಂಬುದೇ ಪ್ರಶ್ನೆ.

ಅಧ್ಯಯನಗಳು ತೋರಿಸಿಕೊಟ್ಟದ್ದು

ಇಂಗ್ಲೆಂಡಿನ ಆಕ್ಸ್‌ಫರ್ಡ್ ಪ್ರದೇಶದ ಟೈಪ್ 1 ತರುಣರನ್ನು ಕುರಿತು 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಗಾವಣೆಗೆ ಎರಡು ವರ್ಷ ಮೊದಲು ಶೇ. 94ರಷ್ಟಿದ್ದ ನಿಯಮಿತ ಹಾಜರಿ, ವರ್ಗಾವಣೆಯಾಗಿ ಎರಡು ವರ್ಷಗಳಲ್ಲಿ ಶೇ. 57ಕ್ಕೆ ಕುಸಿಯಿತು. ಬಿಡುವ ಮೊದಲೇ ವಯಸ್ಕರ ವೈದ್ಯರನ್ನು ಭೇಟಿಯಾಗುವ ಅವಕಾಶವಿದ್ದ ಜಿಲ್ಲೆಗಳಲ್ಲಿ ಹಾಜರಿ ಉತ್ತಮವಾಗಿತ್ತು ಎಂಬುದು ಅದರ ಇನ್ನೊಂದು ಮುಖ್ಯ ಫಲಿತ. ಚಿಕಿತ್ಸೆಗೆ ಹಣ ಕೊಡಬೇಕಿಲ್ಲದ ದೇಶದಲ್ಲಿಯೂ ಹೀಗಾಯಿತೆಂಬುದು ಗಮನಾರ್ಹ. ಬಡತನವೊಂದೇ ಕಾರಣವೆಂದು ಹೇಳಿ ಮುಗಿಸುವಂತಿಲ್ಲ.

ಇತರ ಕಾಯಿಲೆಗಳ ಅನುಭವವೂ ಇದನ್ನೇ ಸಮರ್ಥಿಸುತ್ತದೆ. ಕೆನಡಾದಲ್ಲಿ ಸಂಕೀರ್ಣ ಜನ್ಮಜಾತ ಹೃದ್ರೋಗವಿದ್ದ, ಹತ್ತೊಂಬತ್ತರಿಂದ ಇಪ್ಪತ್ತೊಂದು ವಯಸ್ಸಿನ ತರುಣರನ್ನು ಕುರಿತ 2004ರ ಅಧ್ಯಯನದಲ್ಲಿ ವಯಸ್ಕರ ಹೃದ್ರೋಗ ಕೇಂದ್ರವನ್ನು ಯಶಸ್ವಿಯಾಗಿ ತಲುಪಿದವರು ಶೇ. 47 ಮಾತ್ರ. ಇಂಗ್ಲೆಂಡಿನ 2012ರ ಒಂದು ವರದಿ ಇನ್ನೂ ತೀಕ್ಷ್ಣವಾದುದು. ಬದಲಿ ಮೂತ್ರಪಿಂಡ ಪಡೆದ ತರುಣರಲ್ಲಿ ನೇರವಾಗಿ ವರ್ಗಾವಣೆಗೊಂಡ ಒಂಬತ್ತು ಮಂದಿಯ ಪೈಕಿ ಆರು ಮಂದಿ ಆ ಮೂತ್ರಪಿಂಡವನ್ನು ಕಳೆದುಕೊಂಡರು. ಮಕ್ಕಳ ಮತ್ತು ವಯಸ್ಕರ ವೈದ್ಯರು ಜೊತೆಗೂಡಿ ನಡೆಸಿದ ಚಿಕಿತ್ಸಾಲಯದ ಮೂಲಕ ಬಂದ ಹನ್ನೆರಡು ಮಂದಿಯಲ್ಲಿ ಒಬ್ಬರೂ ಕಳೆದುಕೊಳ್ಳಲಿಲ್ಲ. ಸಂಖ್ಯೆ ಚಿಕ್ಕದಾದುದರಿಂದ ಇದನ್ನು ನಿಯಮವೆಂದು ಸಾರುವಂತಿಲ್ಲವಾದರೂ, ದಿಕ್ಕನ್ನು ತೋರಿಸುವುದಕ್ಕೆ ಸಾಕು. ಕೆನಡಾದ ಮ್ಯಾನಿಟೋಬಾ ಪ್ರಾಂತದ ‘ಮೇಸ್ಟ್ರೊ’ ಯೋಜನೆಯಲ್ಲಿ ದೊಡ್ಡ ಯಂತ್ರಗಳಾಗಲಿ ಹೊಸ ಔಷಧವಾಗಲಿ ಇರಲಿಲ್ಲ. ಮಧುಮೇಹದ ತರುಣರಿಗೆ ದೂರವಾಣಿ ಕರೆ ಮಾಡಿ ವಿಚಾರಿಸುವ, ದಾರಿ ತೋರಿಸುವ ಒಬ್ಬ ಸಿಬ್ಬಂದಿಯಿದ್ದರು. ಅಷ್ಟರಿಂದಲೇ ಚಿಕಿತ್ಸೆ ಬಿಡುವವರ ಪ್ರಮಾಣ ಇಳಿಯಿತು.

ಕರ್ನಾಟಕದ ಸಂದರ್ಭ

ಪಾಶ್ಚಾತ್ಯ ಅಧ್ಯಯನಗಳಲ್ಲಿ ಚರ್ಚೆಯಾಗುವುದು ಒಂದೇ ಊರಿನ ಎರಡು ಚಿಕಿತ್ಸಾಲಯಗಳ ನಡುವಣ ದಾಟು. ಕರ್ನಾಟಕದಲ್ಲಿ ಚಿಕಿತ್ಸಾಲಯ ಬದಲಾಗುವ ವಯಸ್ಸಿನಲ್ಲಿಯೇ ಊರೂ ಬದಲಾಗುವುದು ಸಾಮಾನ್ಯ. ಪಿಯುಸಿ ಮುಗಿಸಿ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಓದಲು ಹೋಗುವವರು, ದುಡಿಮೆಗೆಂದು ಕಾರ್ಖಾನೆ ಸೇರುವವರು ಹಳೆಯ ವೈದ್ಯರಿಂದ ಮಾತ್ರವಲ್ಲದೆ ಮನೆಯ ಊಟದಿಂದ, ಇನ್ಸುಲಿನ್ ಇಡುತ್ತಿದ್ದ ಫ್ರಿಜ್ಜು ಅಥವಾ ನೀರಿನ ಮಣ್ಣಿನ ಮಡಕೆಯಿಂದ, ರಾತ್ರಿ ಸಕ್ಕರೆ ಕುಸಿದಾಗ ಎಬ್ಬಿಸುವ ಕೈಗಳಿಂದಲೂ ಏಕಕಾಲಕ್ಕೆ ದೂರವಾಗುತ್ತಾರೆ. ಉಚಿತ ಇನ್ಸುಲಿನ್ ಒದಗಿಸುವ ದಾನ ಯೋಜನೆಗಳಿಗೂ ವಯೋಮಿತಿ ಇರುವುದುಂಟು. ಆಗ ಸಂಪಾದನೆ ಆರಂಭವಾಗುವ ಮೊದಲೇ ಇನ್ಸುಲಿನ್, ಸೂಜಿ ಮತ್ತು ಪರೀಕ್ಷಾ ಪಟ್ಟಿಗಳ ಖರ್ಚು ಮೈಮೇಲೆ ಬೀಳುತ್ತದೆ.

ಹೆಣ್ಣುಮಕ್ಕಳ ಸ್ಥಿತಿ ಪ್ರತ್ಯೇಕ ಗಮನಕ್ಕೆ ಅರ್ಹವಾದುದು. ಮದುವೆಯು ಅವರ ಪಾಲಿಗೆ ಮನೆ, ಊರು, ಆಸ್ಪತ್ರೆ ಮೂರನ್ನೂ ಒಂದೇ ದಿನ ಬದಲಿಸುತ್ತದೆ. ಕಾಯಿಲೆಯ ವಿಷಯವನ್ನು ಗಂಡಿನ ಮನೆಯವರಿಂದ ಮುಚ್ಚಿಟ್ಟು ಮದುವೆ ಮಾಡುವುದೂ ಇದೆ. ಅಂತಹ ಮನೆಯಲ್ಲಿ ಸೊಸೆಯು ಬಚ್ಚಲಲ್ಲಿ ಅಡಗಿ ಚುಚ್ಚಿಕೊಳ್ಳಬೇಕಾಗುತ್ತದೆ ಅಥವಾ ಚುಚ್ಚಿಕೊಳ್ಳುವುದನ್ನೇ ಬಿಡಬೇಕಾಗುತ್ತದೆ. ಗರ್ಭದಲ್ಲಿ ಶಿಶುವಿನ ಅಂಗಾಂಗಗಳು ರೂಪುಗೊಳ್ಳುವುದು ಮೊದಲ ಎಂಟು ವಾರಗಳಲ್ಲಿ. ಬಹಳ ಸಲ ಗರ್ಭ ನಿಂತಿರುವುದು ಖಚಿತವಾಗುವಷ್ಟರಲ್ಲಿ ಆ ಅವಧಿಯ ಬಹುಭಾಗ ಕಳೆದಿರುತ್ತದೆ. ಆದುದರಿಂದ ಸಕ್ಕರೆಯ ಹತೋಟಿ ಗರ್ಭ ಧರಿಸುವ ಮೊದಲೇ ಸಾಧಿತವಾಗಿರಬೇಕು. ಈ ತಿಳಿವಳಿಕೆಯನ್ನು ಮಕ್ಕಳ ವೈದ್ಯರು ‘ಇನ್ನೂ ಚಿಕ್ಕವಳು’ ಎಂದು ಹೇಳದೆ ಉಳಿಸಿದರೆ, ವಯಸ್ಕರ ವೈದ್ಯರ ಬಳಿ ಅವಳು ಬಂದಿರುವುದೇ ಇಲ್ಲ. ಎರಡು ವ್ಯವಸ್ಥೆಗಳ ನಡುವೆ ಬಿದ್ದುಹೋದ ಒಂದು ಮಾತಿನ ಬೆಲೆಯನ್ನು ಹೀಗೆ ಮುಂದಿನ ಪೀಳಿಗೆ ತೆರಬೇಕಾಗುತ್ತದೆ.

ವಯಸ್ಸನ್ನು ಬಿಟ್ಟು ಕಾಯಿಲೆಯನ್ನೇ ಆಧಾರವಾಗಿಟ್ಟುಕೊಂಡ ಸಂಸ್ಥೆಗಳ ಮಾದರಿ ರಾಜ್ಯದಲ್ಲಿಯೇ ಇದೆ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯು ಮಕ್ಕಳನ್ನೂ ದೊಡ್ಡವರನ್ನೂ ಒಂದೇ ಬಾಗಿಲಲ್ಲಿ ಬರಮಾಡಿಕೊಳ್ಳುತ್ತದೆ. ಇಂತಹ ಕಡೆ ಹದಿನೆಂಟರ ಗಡಿ ತಾನಾಗಿಯೇ ಸವೆಯುತ್ತದೆ. ಕಿರಿಯರು ಅದೇ ಕಾಯಿಲೆಯೊಂದಿಗೆ ಓದಿ, ದುಡಿದು, ಸಂಸಾರ ಹೂಡಿದ ಹಿರಿಯರನ್ನು ಕಣ್ಣಾರೆ ಕಾಣುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಹಿಮೋಫಿಲಿಯಾ, ಥಲಸ್ಸೇಮಿಯಾ ಮತ್ತು ಕುಡುಗೋಲು ಕಣ ರೋಗಗಳನ್ನು ತನ್ನ 21 ಬಗೆಗಳಲ್ಲಿ ಸೇರಿಸಿಕೊಂಡು ಅವರಿಗೆ ವಯಸ್ಸಿನ ಮಿತಿಯಿಲ್ಲದ ಗುರುತನ್ನು ನೀಡಿದೆ. ಟೈಪ್ 1 ಮಧುಮೇಹ ಆ ಪಟ್ಟಿಯಲ್ಲಿಲ್ಲ.

ಪರಿಹಾರದ ನೆಲೆಗಳು

ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿಯು (2016) ಸಂಕ್ರಮಣದ ಸಿದ್ಧತೆ ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಆರಂಭವಾಗಬೇಕೆಂದೂ, ಪ್ರತಿಯೊಬ್ಬ ತರುಣನಿಗೂ ಹೊಣೆಹೊತ್ತ ಒಬ್ಬ ವ್ಯಕ್ತಿಯ ಹೆಸರು ಗೊತ್ತಿರಬೇಕೆಂದೂ ಹೇಳುತ್ತದೆ. ಇದನ್ನು ಇಲ್ಲಿಯ ಅನುಕೂಲಗಳಿಗೆ ಹೊಂದಿಸಿಕೊಳ್ಳಲು ಕಷ್ಟವಿಲ್ಲ.

ಮೊದಲನೆಯದು, ಮಾತನ್ನು ಮಗುವಿಗೆ ಒಪ್ಪಿಸುವುದು. ಹನ್ನೆರಡರ ಹೊತ್ತಿಗೆ ತನ್ನ ಕಾಯಿಲೆಯ ಹೆಸರನ್ನೂ ಇನ್ಸುಲಿನ್ನಿನ ಪ್ರಮಾಣವನ್ನೂ ಮಗುವೇ ಹೇಳುವಂತಾಗಬೇಕು. ಹದಿನಾಲ್ಕರಿಂದ ಭೇಟಿಯ ಒಂದು ಭಾಗದಲ್ಲಿ ವೈದ್ಯರು ಅವರೊಬ್ಬರೊಂದಿಗೇ ಮಾತನಾಡಬೇಕು. ಹದಿನಾರರ ನಂತರ ಔಷಧ ಕೊಳ್ಳುವುದು, ಮುಂದಿನ ಭೇಟಿಯ ದಿನ ಗೊತ್ತುಮಾಡುವುದು ಅವರ ಕೆಲಸವಾಗಬೇಕು. ತಂದೆತಾಯಿಯರು ಮಾಡುವವರಿಂದ ನೋಡುವವರಾಗಿ, ಕ್ರಮೇಣ ಕರೆದಾಗ ಒದಗುವವರಾಗಿ ಬದಲಾಗಬೇಕು. ಈ ಹಿಂಜರಿಕೆ ತಾಯಿಗೆ ಸುಲಭವಲ್ಲ. ಅವಳಿಗೂ ಸಿದ್ಧತೆಯ ಅಗತ್ಯವಿದೆ.

ಎರಡನೆಯದು, ಒಂದು ಪುಟದ ಕನ್ನಡ ಸಾರಾಂಶ. ಕಾಯಿಲೆ ಪತ್ತೆಯಾದ ದಿನ, ಇನ್ಸುಲಿನ್ನಿನ ಹೆಸರು ಮತ್ತು ಪ್ರಮಾಣ, ಇತ್ತೀಚಿನ ಮೂರು ತಿಂಗಳ ಸರಾಸರಿ ಸಕ್ಕರೆ, ಕಣ್ಣು ಮತ್ತು ಮೂತ್ರದ ಪರೀಕ್ಷೆ ನಡೆದ ದಿನ, ಆಸ್ಪತ್ರೆ ಸೇರಿದ್ದ ಸಂದರ್ಭಗಳು ಇಷ್ಟಿದ್ದರೆ ಸಾಕು. 2021ರಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಆರೋಗ್ಯ ಖಾತೆಯಲ್ಲಿ ಇದನ್ನು ಇರಿಸಬಹುದು; ಆದರೆ ಅದು ರೋಗಿಯ ಕಿಸೆಯಲ್ಲಿಯೂ ತಲೆಯಲ್ಲಿಯೂ ಇರುವುದು ಹೆಚ್ಚು ಮುಖ್ಯ.

ಮೂರನೆಯದು, ಜಂಟಿ ಚಿಕಿತ್ಸಾಲಯ. ವೈದ್ಯಕೀಯ ಕಾಲೇಜುಗಳಲ್ಲಿ ಮಕ್ಕಳ ವಿಭಾಗವೂ ವಯಸ್ಕರ ವಿಭಾಗವೂ ಒಂದೇ ಆಡಳಿತದಲ್ಲಿರುತ್ತವೆ. ಎರಡು ಮೂರು ತಿಂಗಳಿಗೊಮ್ಮೆ ಒಂದು ಮಧ್ಯಾಹ್ನ ಇಬ್ಬರು ವೈದ್ಯರು ಒಂದೇ ಕೋಣೆಯಲ್ಲಿ ಕುಳಿತರೆ ತರುಣನಿಗೆ ಹೊಸ ಮುಖ ಪರಿಚಿತವಾಗುತ್ತದೆ. ಹೊಸ ವಿಭಾಗದಲ್ಲಿ ಎರಡು ಭೇಟಿಗಳು ನಡೆದದ್ದು ಖಚಿತವಾಗುವವರೆಗೆ ಹಳೆಯ ವಿಭಾಗವು ಹೆಸರನ್ನು ಹೊಡೆದುಹಾಕಬಾರದು.

ನಾಲ್ಕನೆಯದು, ಬಾರದವರನ್ನು ವಿಚಾರಿಸುವ ಒಬ್ಬ ವ್ಯಕ್ತಿ. ಜಿಲ್ಲೆ ಮತ್ತು ತಾಲ್ಲೂಕು ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗ ಚಿಕಿತ್ಸಾಲಯದ ಶುಶ್ರೂಷಕಿಗೋ ಆಪ್ತಸಮಾಲೋಚಕರಿಗೋ ಹದಿನಾರರಿಂದ ಇಪ್ಪತ್ತೈದರವರೆಗಿನ ಟೈಪ್ 1 ರೋಗಿಗಳ ಪಟ್ಟಿಯೊಂದನ್ನು ವಹಿಸಿಕೊಟ್ಟು, ದಿನ ತಪ್ಪಿಸಿದವರಿಗೆ ಕರೆ ಮಾಡುವ ಹೊಣೆಯನ್ನು ನೀಡಬಹುದು. ಒಂದು ತಾಲ್ಲೂಕಿನಲ್ಲಿ ಇಂತಹವರ ಸಂಖ್ಯೆ ಬೆರಳೆಣಿಕೆಯದಾದುದರಿಂದ ಇದು ಹೊರಲಾರದ ಹೊರೆಯಲ್ಲ. ಐದನೆಯದು, ಮಕ್ಕಳ ಯೋಜನೆಗಳಲ್ಲಿ ದೀರ್ಘಕಾಲಿಕ ಕಾಯಿಲೆಯವರ ಮಟ್ಟಿಗೆ ವಯೋಮಿತಿಯನ್ನು ಇಪ್ಪತ್ತೈದಕ್ಕೆ ವಿಸ್ತರಿಸುವುದು. ಇದು ಸರಕಾರ ಮಾತ್ರ ಮಾಡಬಲ್ಲ ಕೆಲಸ.

ಸಮಾರೋಪ

ಮಕ್ಕಳ ಚಿಕಿತ್ಸೆಯ ಯಶಸ್ಸನ್ನು ಬದುಕಿ ಉಳಿದ ಮಕ್ಕಳ ಸಂಖ್ಯೆಯಿಂದ ಅಳೆಯುವುದು ರೂಢಿ. ಆ ಮಕ್ಕಳು ಇಪ್ಪತ್ತೈದನೆಯ ವಯಸ್ಸಿನಲ್ಲಿ ಯಾವ ವೈದ್ಯರ ಬಳಿ ಹೋಗುತ್ತಿದ್ದಾರೆ ಎಂಬುದನ್ನೂ ಅದೇ ಅಳತೆಗೋಲಿಗೆ ಸೇರಿಸಬೇಕಾಗಿದೆ. ಮೇಲೆ ವಿವೇಚಿಸಿದ ಸಂಗತಿಗಳಿಂದ ಸ್ಪಷ್ಟವಾಗುವುದೇನೆಂದರೆ, ಈ ಘಟ್ಟದಲ್ಲಿ ಕೈಬದಲಾಗಬೇಕಾದುದು ರೋಗಿಯ ದಾಖಲೆ ಮಾತ್ರವಲ್ಲ, ಒಂದು ಕುಟುಂಬವು ವರ್ಷಗಳ ಕಾಲ ಕಷ್ಟಪಟ್ಟು ಗಳಿಸಿದ ತಿಳಿವಳಿಕೆ. ಅದನ್ನು ಕೊಡುವವರಿದ್ದಾರೆ, ಪಡೆಯಬೇಕಾದವರಿದ್ದಾರೆ. ನಡುವೆ ನಿಂತು ದಾಟಿಸುವವರಿಲ್ಲ. ಆ ಸ್ಥಾನವನ್ನು ತುಂಬಲು ಬೇಕಾದುದು ದುಬಾರಿ ತಂತ್ರಜ್ಞಾನವಲ್ಲ. ಒಂದು ಪಟ್ಟಿ, ಒಂದು ಜಂಟಿ ಮಧ್ಯಾಹ್ನ, ಒಂದು ದೂರವಾಣಿ ಕರೆ, ಮತ್ತು ಇದು ತನ್ನ ಕೆಲಸವೆಂದು ತಿಳಿದ ಒಬ್ಬ ವ್ಯಕ್ತಿ.